ಏಳರ ಹಾಗೆ ಕಾಣುವ ಆರು

ಮೊದಲು ಆ ಸುತ್ತಿಗೆ ಕೆಳಗಿಡು, ಬಸಲಿಂಗ.
ಗೋಡೆ ಒಡೆಯುವುದು ಕೊನೆಯ ಕೆಲಸ.
ಚಪ್ಪಲಿ ಬಿಚ್ಚಿ ಒಳಗೆ ಬಾ.
ಬರಿಗಾಲಿಗೆ ತಿಳಿದದ್ದು ಬೆರಳಿಗೆ ತಿಳಿಯುವುದಿಲ್ಲ.

ಊರಲ್ಲಾದರೆ ತಣ್ಣಗಾದ ನೆಲವೇ ಒಸರಿನ ಗುರುತು.
ಈ ಮುಹರ್ರಕ್‌ನಲ್ಲಿ, ಆಗಸ್ಟ್ ತಿಂಗಳಲ್ಲಿ,
ಮಾಳಿಗೆಯ ಟ್ಯಾಂಕಿನಲ್ಲಿ ಬೆಂದ ನೀರು
ತಣ್ಣೀರಿನ ನಲ್ಲಿಯಲ್ಲೇ ಚಹಾದಷ್ಟು ಬಿಸಿ;
ಜನ ಗೀಸರ್ ಆರಿಸಿ,
ಅದರ ಹೊಟ್ಟೆಯಲ್ಲಿ ನೀರು ತಣಿಸಿಕೊಂಡು ಮೀಯುತ್ತಾರೆ.
ಅದಕ್ಕೇ, ಏಸಿ ಹಾಕಿದ ಕೋಣೆಯಲ್ಲಿ
ಒಂದೇ ಒಂದು ಟೈಲು
ಈಗಷ್ಟೇ ಬೆಕ್ಕು ಎದ್ದುಹೋದ ಜಾಗದಂತೆ
ಬೆಚ್ಚಗಿದ್ದರೆ
ಅಲ್ಲೇ ನಿಲ್ಲು.

ಹಪ್ಪಳದ ಹಾಗೆ ಉಬ್ಬಿದ ಬಣ್ಣವನ್ನು
ಮನೆಯವರೇ ತೋರಿಸುತ್ತಾರೆ.
ತೋರಿಸದ್ದನ್ನು ನೀನು ಕೇಳಬೇಕು.
ಶವರಿನ ನೀರು ಸಣ್ಣಗಾಗಿದೆಯೇ, ಬಿಲ್ಲು ದಪ್ಪಗಾಗಿದೆಯೇ,
ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿದ ಮೇಲೂ
ಗೋಡೆಯೊಳಗೆ ಯಾರೋ ಅಕ್ಕಿ ಕೇರುವ ಸದ್ದೇ?

ನಾನು ಗಂಗೊಳ್ಳಿಯ ಬೋಟಿನ ಇಂಜಿನುಗಳಿಗೆ ಕಿವಿ ಕೊಟ್ಟವನು.
ಸ್ಕ್ರೂಡ್ರೈವರಿನ ಹಿಡಿ ಕಿವಿಗೊತ್ತಿಕೊಂಡು
ಯಾವ ಬೇರಿಂಗು ಸಾಯುತ್ತಿದೆ ಎಂದು ಹೇಳುತ್ತಿದ್ದೆ.
ಬಂದ ಮೊದಲ ವರ್ಷ
ಆ ಸೊಕ್ಕು ಇತ್ತು, ಮಾರಾಯ.

ಸುಡಾನಿನ ಸಿತ್ ಬುಸೈನಾ,
ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿಯುವವಳು.
ಮಶೀನಿನ ಹಿಂದಿನ ಗೋಡೆ ತೋರಿಸಿದಳು,
ಒರೆಸಿದಳು, ಮತ್ತೆ ತೋರಿಸಿದಳು.
ಮೂಗು ಮುಟ್ಟಿಕೊಂಡು ರೀಹಾ, ರೀಹಾ ಅಂದಳು.
ಆಗ ನನ್ನ ಅರಬ್ಬಿ ಒಟ್ಟು ಹತ್ತು ಮಾತು,
ಅದರಲ್ಲಿ ಆರು ತಿಂಡಿಯ ಹೆಸರು.

ಮಾಳಿಗೆ ಹತ್ತಿದೆ. ಸಾಲಾಗಿ ಎಂಟು ಮೀಟರು.
ಅವಳದು ಏಳನೇ ಮನೆ.
ಏಳು ಎಂದಿದ್ದ ಮೀಟರಿನ ಧೂಳೊರೆಸಿ ಬಗ್ಗಿದೆ.
ಗಾಜಿನೊಳಗಿನ ಆ ಸಣ್ಣ ಕೆಂಪು ಚಕ್ರ
ಸತ್ತ ನೊಣದಂತೆ ಬಿದ್ದಿತ್ತು.
ನೆತ್ತಿ ಸುಡುವ ಬಿಸಿಲಲ್ಲಿ ಐದು ನಿಮಿಷ ಪೂರ್ತಿ ಕಾದೆ.
ಇಳಿದು ಬಂದು ತೀರ್ಪು ಕೊಟ್ಟೆ:
ಪೈಪು ಸರಿ ಇದೆ. ಸೆಕೆಗೆ ಗೋಡೆ ಬೆವರುತ್ತಿದೆ.
ಅವಳು ದಾಸವಾಳದ ಶರಬತ್ತು ಕೊಟ್ಟಳು.
ಕುಡಿದೆ.

ಹನ್ನೊಂದನೇ ದಿನ ಫೋನು.
ಪ್ಲಾಸ್ಟರು ಹಾಸಿಗೆಯಂತೆ ಕಳಚಿ ಬಿದ್ದಿತ್ತು.
ಮೆರೂನ್ ಲಂಗಗಳ ಬಣ್ಣ ಬಿಟ್ಟು
ಬಿಳಿ ಅಂಗಿಗಳೆಲ್ಲ ವೀಳ್ಯ ಉಗುಳಿದಂತೆ.
ಶಾಲೆ ತೆರೆಯಲು ಐದು ದಿನ.

ಬೈಯಲಿಲ್ಲ ಎಂದರೆ ಸುಳ್ಳಾದೀತು. ಬೈದಳು.
ಅರ್ಥವಾಗದ್ದು ನನ್ನ ಪುಣ್ಯ.
ಆಮೇಲೆ ಅಂಗಿಯ ತೋಳು ಹಿಡಿದು ಮಾಳಿಗೆಗೆ ಎಳೆದೊಯ್ದಳು.
ದರ್ಜಿಯ ಸೀಮೆಸುಣ್ಣದಲ್ಲಿ ಕಟ್ಟೆಯ ಮೇಲೆ ಬರೆದಳು,
ನಾನು ಓದಿದ್ದ ಏಳನ್ನು.
ಆರು ಬೆರಳು ಎತ್ತಿದಳು.
ಮತ್ತೆ ಬರೆದಳು, ಕವಣೆಯ ಕವೆಯಂಥದೊಂದು.
ಏಳು ಬೆರಳು.

ಆರನೇ ಮನೆಯವರು ರಜೆಯೆಂದು ಈಜಿಪ್ಟಿಗೆ ಹೋಗಿ
ಎರಡು ತಿಂಗಳಾಗಿತ್ತು.
ನನ್ನ ಮೊಣಕೈಯಿಂದ ಗೇಣು ದೂರದಲ್ಲಿ
ಅವಳ ಚಕ್ರ ಬುಗುರಿಯಂತೆ ತಿರುಗಿತ್ತು, ಆ ದಿನವೂ.

ಭಟ್ಕಳದವರ ಲಾಂಡ್ರಿಯಲ್ಲಿ ಮೂರು ರಾತ್ರಿ
ಅಂಗಿ ಕುದಿಸಿದೆ.
ಹನ್ನೊಂದು ಬಿಳಿಯಾಗಲೇ ಇಲ್ಲ.
ಸಂಬಳದಲ್ಲಿ ಹಿಡಿದುಕೊಂಡರು, ಹಿಡಿಯಲಿ.
ನಿನ್ನ ಹೆಗಲ ಮೇಲಿದೆಯಲ್ಲ ಕೈ ಒರೆಸುವ ಬಟ್ಟೆ,
ಕಾಲರ್ ಇದೆ ನೋಡು ಅದಕ್ಕೆ.

ರೀಹಾ ಎಂದರೆ ವಾಸನೆ.
ಬೆವರಿದ ಗೋಡೆ ಒರೆಸಿದರೆ ಹೋಗುತ್ತದೆ;
ಒಳಗಿಂದ ನೆಂದ ಗೋಡೆ
ಮಳೆಗಾಲದ ಗೋಣಿಚೀಲದಂತೆ ನಾರುತ್ತದೆ.
ಅವಳು ಮೊದಲ ದಿನವೇ ಹೇಳಿದ್ದಳು.

ಆದರೂ ಅನುಮಾನವಿದ್ದರೆ
ಅಂಗೈಯಗಲ ಫಾಯಿಲ್ ಅಂಟಿಸಿ ಅಂಚಿಗೆ ಟೇಪು ಹಾಕು,
ಒಂದು ದಿನ ಬಿಡು.
ಹೊರಮೈ ಒದ್ದೆಯಾದರೆ ಗಾಳಿಯ ತಪ್ಪು,
ಒಳಮೈ ಒದ್ದೆಯಾದರೆ ಪೈಪಿನದು.

ಈಗ ಮೇಲೆ ಹೋಗು.
ಇಲ್ಲಿ ಎಲ್ಲ ನಲ್ಲಿ ನಿಲ್ಲಿಸಿದ್ದೇನೆ.
ಈ ಮನೆಯೂ ಏಳನೆಯದೇ.
ಚಕ್ರದ ಸುದ್ದಿ ಆಮೇಲೆ.
ಯಾವ ಮೀಟರಿನ ಮುಂದೆ ನಿಂತಿದ್ದೀ,
ಮೊದಲು ಅದನ್ನು ಕೂಗಿ ಹೇಳು.